ವಿಶೇಷ ಸಂಗತಿ: ಮೂರು ಗೆರೆ ಮೀರದಂತೆ

ತಿಂಗಳ ಕೊನೆಗೊಂದು ಹಾಳೆ ಮಸ್ಕತ್ತಿನ ಕಚೇರಿಗೆ ಹೋಗಬೇಕು.
ಮಕ್ಕಳ ಸಂಖ್ಯೆ, ಮುಗಿದ ಪಾಠ, ಕೆಟ್ಟುಹೋದ ಏಸಿ.
ಕೆಳಗೆ ‘ವಿಶೇಷ ಸಂಗತಿ’ ಎಂದು ಬರೆದು
ಮೂರೇ ಮೂರು ಚುಕ್ಕಿಗೆರೆ.
ನಾನು ಗಂಗೊಳ್ಳಿಯವಳು. ನಮ್ಮ ಕಡೆ
ಮೂರು ಗೆರೆಯಲ್ಲಿ ಬಂಗುಡೆಯ ರೇಟೂ ಹೇಳಿ ಮುಗಿಯುವುದಿಲ್ಲ.

ಏಪ್ರಿಲ್. ನಲವತ್ತೊಂದು ಮಕ್ಕಳು.
ಮೂರನೆಯದಕ್ಕೂ ನಾಲ್ಕನೆಯದಕ್ಕೂ ಒಂದೇ ಕೋಣೆ,
ನಡುವೆ ಕಬ್ಬಿಣದ ಬೀರು ಅಡ್ಡ.
ಈಚೆ ಏಳೆಂಟ್ಲೆ ಎಷ್ಟು ಎಂದರೆ
ಆಚೆಯಿಂದ ಉತ್ತರ ಬರುತ್ತದೆ.

ಮೇ. ನಲ್ಲಿ ತಿರುಗಿಸಿದ ಫಿದಾ ಚೀರಿದಳು,
‘ಟೀಚರ್, ಚಾ ಬರ್ತಾ ಇದೆ!’
ನೀರು ಆವಿಯಾಗುವ ಪಾಠ ಅಂದೇ ಮಾಡಿಬಿಟ್ಟೆ.
ಒದ್ದೆ ಅಂಗೈ ಗೋಡೆಗೆ ಒತ್ತಿ ಎಣಿಸಿದರು:
ಏಳಕ್ಕೆ ಬೆರಳು ಹೋದವು,
ಹನ್ನೊಂದಕ್ಕೆ ಅಂಗೈಯೂ.

ಜೂನ್, ಜುಲೈ. ಬೀಗ.
ಬೀಗದ ಕೈ ಬಸ್ಸಿನ ಖಲ್ಫಾನನ ಬಳಿ.

ಆಗಸ್ಟ್. ಮೂವತ್ತೊಂಬತ್ತು.
ಇಬ್ಬರು ಯಾಕೆ ತಿರುಗಿ ಬರಲಿಲ್ಲ ಎಂದು ಬರೆಯಲು
ಹಾಳೆಯಲ್ಲಿ ಜಾಗವಿಲ್ಲ.

ಸೆಪ್ಟೆಂಬರಿನಲ್ಲಿ ಹೆಸರುಕಾಳು ಹಾಕಿದೆವು,
ಮೊದಲು ಲಬಾನ್ ಬಾಟಲಿಯ ತಳದಲ್ಲಿ ಹತ್ತಿಯ ಮೇಲೆ,
ಆಮೇಲೆ ಪೇಂಟಿನ ಡಬ್ಬದ ಮಣ್ಣಿಗೆ.
ದಿನಾ ಅಳೆದು ಗೋಡೆಯ ಪಟ್ಟಿಯಲ್ಲಿ ಬರೆಯುವುದು.
ಎಲ್ಲರದೂ ಸೆಂಟಿಮೀಟರು, ಮುಸೈಬನದು ಮಾತ್ರ ಇಂಚು.
ಅವನಪ್ಪ ಸಿನಾವ್ ಪೇಟೆಯಲ್ಲಿ ದಿಶ್‌ದಾಶ ಹೊಲಿಯುವ ದರ್ಜಿ,
ಭಟ್ಕಳದವರು. ಹುಡುಗ ಕೊರಳಿಗೆ ಟೇಪು ಹಾಕಿಕೊಂಡೇ
ಶಾಲೆಗೆ ಬರುತ್ತಿದ್ದ. ಬಗ್ಗಿ, ಎರಡೆಲೆಯ ಮೊಳಕೆಗೆ
ಕುತ್ತಿಗೆ ಸುತ್ತಳತೆಯನ್ನೂ ತೆಗೆಯುತ್ತಿದ್ದ.

ಅಕ್ಟೋಬರ್. ಅರಬಾಬ್ ಅಂಗಡಿ ಮಾರಿದ.
ಮೂವತ್ತೆಂಟು.
ಟೇಪು ಅವನ ಜೊತೆ ಹೋಯಿತು.

ಮರುವಾರ ನೋಡಿದರೆ ಅವನ ಸಾಲು ಖಾಲಿ ಇಲ್ಲ.
ಐದು ಇಂಚು. ಐದೂಕಾಲು. ಅಕ್ಷರ ಇಳವರಸಿಯದು.
ದಶಮಾಂಶ ಎಂದರೆ ಹೊಟ್ಟೆನೋವು ಬರುತ್ತಿದ್ದ ಇಳವರಸಿ!
‘ಅವನ ಲೈನಲ್ಲಿ ಸೆಂಟಿಮೀಟರ್ ಬರೆದ್ರೆ
ಅವನ ಗಿಡ ಅಂತ ಹೆಂಗೆ ಗೊತ್ತಾಗುತ್ತೆ ಟೀಚರ್?’
ಸ್ಕೇಲಿನಲ್ಲಿ ಅಳೆದು, ಎರಡೂವರೆಗೆ ಭಾಗಿಸಿ,
ಚಿಲ್ಲರೆ ಉಳಿದದ್ದನ್ನು ಅಂಗೈ ಮೇಲೆ ಬರೆದುಕೊಂಡಿದ್ದಳು.
ನಾನು ಆರು ವಾರ ಗಂಟಲು ಹರಿದುಕೊಂಡ ಪಾಠ.

ನವೆಂಬರ್, ಗುರುವಾರ, ಆಡಿನ ಸಂತೆ.
ಖಲ್ಫಾನನ ಭಾವನ ಪಿಕಪ್ಪಿನಿಂದ ಹಾರಿದ ಒಂದು ಹೋತ
ನಮ್ಮ ಗೇಟಿನೊಳಗೆ ಬಂದು
ಹದಿನಾಲ್ಕು ಇಂಚಿನ ಮುಸೈಬನ ಗಿಡದಿಂದ ಶುರು ಮಾಡಿ
ಮೂರು ಡಬ್ಬ ಖಾಲಿ ಮಾಡಿತು. ಮೇಲೆ ಬಾಯಿಗೆ ರುಚಿಗೆಂದು
ಗೋಡೆಯ ಪಟ್ಟಿಯನ್ನೂ ತಿಂದಿತು.
(ವರದಿ: ‘ದಾಖಲೆಗಳು ಹಾನಿಗೊಂಡಿವೆ.’
ಕಚೇರಿ: ‘ಬೆಂಕಿಯೋ ಗೆದ್ದಲೋ, ಸ್ಪಷ್ಟಪಡಿಸಿ.’)

ಡಿಸೆಂಬರ್. ಚಳಿ. ಆಯಾ ಸಲ್ಮಾ ಖಾವಾ ತಂದಳು.
ಜನವರಿಯಲ್ಲಿ ಏಸಿ ರಿಪೇರಿಯಾಯಿತು.

ಫೆಬ್ರವರಿ. ನನ್ನ ಫೋನಿಗೆ ಎಂಟು ಸೆಕೆಂಡಿನ ದನಿ.
ಹಿಂದೆ ಹೊಲಿಗೆ ಮಿಷನ್ನಿನ ಸದ್ದು,
‘ಟೀಚರ್, ನನ್ನ ಗಿಡ ಈಗ ಎಷ್ಟಾಯ್ತು?’

ಬೀರುವಿನ ಎರಡೂ ಕಡೆ ಸದ್ದಿಲ್ಲ.
ಸುಳ್ಳು ಹೇಳೋಣ ಎಂದ ಜೆಸ್ವಿನ್. ಬೇಡ ಎಂದರು ಕೆಲವರು.
ಫಿದಾ ಉಗುರು ಕಚ್ಚುತ್ತ ಯೋಚಿಸಿದಳು:
‘ಗಿಡ ಆಡಿನೊಳಗಿದೆ. ಹಾಗಾದ್ರೆ ಆಡನ್ನೇ ಅಳೆಯಬೇಕು.’

ಖಲ್ಫಾನ್ ನಗುತ್ತ ಹೋಗಿ ಅದನ್ನು ಕರೆತಂದ.
ಸಂತೆಯಲ್ಲಿ ಬಿಕರಿಯಾಗದೆ ಉಳಿದಿತ್ತು ಪುಣ್ಯಕ್ಕೆ.
ಒಬ್ಬ ಕೊಂಬಿಗೆ, ಇಬ್ಬರು ಕಾಲಿಗೆ,
ಮೂತಿಯಿಂದ ಬಾಲದ ತುದಿಗೆ ಸ್ಕೇಲು ಮೂರು ಸಲ ಜಾರಿ
ಕೊನೆಗೆ ಎಂಬತ್ತೊಂದು ಸೆಂಟಿಮೀಟರು.
ಭಾಗಾಕಾರ ಇಳವರಸಿಯದು, ಎರಡು ಬಾರಿ.
ಉತ್ತರ ಎಲ್ಲರೂ ಸೇರಿ ಕೂಗಿದರು ಫೋನಿಗೆ:
‘ಮೂವತ್ತೆರಡು ಇಂಚು, ಚಿಲ್ಲರೆ!
ಆದ್ರೆ ಒಂದು ಕಡೆ ನಿಲ್ಲಲ್ಲ!’

ಚುಕ್ಕಿಗೆರೆಯ ಮೇಲೆ ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
‘ಅಳತೆಯ ಅಧ್ಯಾಯ ಮುಗಿದಿದೆ’ ಎಂದು ಬರೆದೆ.
ಎರಡು ಗೆರೆ ಹಾಗೇ ಉಳಿದವು.